ಜರಿ ಅಂಚಿನ ಸೂರ್ಯ

ಮೊದಲು ಕಾಣೆಯಾದದ್ದು ಮರ.

ಅಂದು ಸೃಷ್ಟಿಯ ಪಾಠದ ನಾಲ್ಕನೆಯ ಭಾನುವಾರ. ಚರ್ಚಿನ ಹಿಂಬದಿಯ ಶೀಟಿನ ಜಗಲಿಯಲ್ಲಿ ಚಾಪೆ ಹಾಸಿ, ಕಪ್ಪು ಕಂಬಳಿ ಸುತ್ತಿದ ಹಲಗೆಯನ್ನು ಗೋಡೆಗೆ ಒರಗಿಸಿ, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ತೆರೆದೆ. ಹುಲ್ಲು ಇತ್ತು, ಎರಡು ಹೂವು ಇದ್ದವು, ಬಾಳೆಗಿಡ ಇತ್ತು. ಹಿಂದಿನ ವಾರ ಮಕ್ಕಳೆಲ್ಲ ಸರದಿಯಲ್ಲಿ ಕೈಯಾಡಿಸಿದ್ದ ಹಸಿರು ಮರ ಮಾತ್ರ ಇರಲಿಲ್ಲ. ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಹುಡುಕಿದೆ. ತಲೆಯೆತ್ತಿದರೆ, ಮೆಟ್ಟಿಲ ಮೇಲೆ ಕೂತಿದ್ದ ಪಕ್ಕದ ಮನೆಯ ಮಗುವಿನ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣು ಅತ್ತ ಹೋದದ್ದೇ ತಡ, ತಮ್ಮ ಎಲೆಯಡಿಕೆ ಚೀಲದ ದಾರವನ್ನು ಎಳೆದು ಬಿಗಿ ಮಾಡಿಕೊಂಡರು.

ಆ ದಾರ ಎಳೆದ ರೀತಿ ನನಗೆ ಹಿಡಿಸಲಿಲ್ಲ. ಇಂಥವು ನನ್ನ ಕಣ್ಣಿಗೆ ಬೀಳುತ್ತವೆ, ಏನು ಮಾಡಲಿ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ತಿರುಗಿಸಿ ಹಿಂಭಾಗದ ಗಂಟುಗಳನ್ನು ನೋಡಿ ಅಂಕ ಕೊಡುತ್ತಿದ್ದರು. ಅವರ ಕೈಕೆಳಗೆ ಬೆಳೆದ ನನಗೆ ಮನುಷ್ಯರಲ್ಲೂ ಹಿಂಭಾಗದ ಗಂಟು ಹುಡುಕುವ ಚಾಳಿ ಅಂಟಿಕೊಂಡಿದೆ. ನಮ್ಮ ಮನೆಯವರು ಆಗಾಗ ಹೇಳುವುದುಂಟು: "ನೀನು ಪೊಲೀಸ್ ಕೆಲ್ಸಕ್ಕೆ ಹೋಗ್ಬೇಕಿತ್ತು ಕಣೇ. ಅನ್ಯಾಯವಾಗಿ ಅಡುಗೆಮನೇಲಿ ಉಳ್ಕೊಂಡೆ."

ನಾನು ಕಲಿಸುವುದು ಸಂಡೇ ಸ್ಕೂಲಿನ ಅತಿ ಚಿಕ್ಕ ಮಕ್ಕಳಿಗೆ. ಮೂರರಿಂದ ಐದು ವರ್ಷದವರು. ದೊಡ್ಡಬಳ್ಳಾಪುರದ ನಮ್ಮ ಚರ್ಚಿನಲ್ಲಿ ಈ ತರಗತಿಯನ್ನು ಯಾವಾಗಲೂ ಗೃಹಿಣಿಯರೇ ನಡೆಸಿಕೊಂಡು ಬಂದಿದ್ದಾರೆ. ಮೂಗು ಒರೆಸುವುದು, ಚಡ್ಡಿ ಬದಲಿಸುವುದು ಎಲ್ಲ ಅದರಲ್ಲೇ ಸೇರಿದೆ. ಬೇಸಿಗೆ ರಜೆ ಮುಗಿದ ಮೇಲೆ ಏಳು ಭಾನುವಾರ ಸೃಷ್ಟಿಯ ಕಥೆ. ವಾರಕ್ಕೆ ಒಂದು ದಿನದ ಸೃಷ್ಟಿ. ಮೊದಲ ವಾರ ಬೆಳಕು, ಎರಡನೆಯ ವಾರ ಆಕಾಶ, ಮೂರಕ್ಕೆ ನೆಲ ಮತ್ತು ಗಿಡಮರ, ನಾಲ್ಕಕ್ಕೆ ಸೂರ್ಯ ಚಂದ್ರ, ಐದಕ್ಕೆ ಮೀನು ಹಕ್ಕಿ, ಆರಕ್ಕೆ ಪ್ರಾಣಿಗಳು ಮತ್ತು ಮನುಷ್ಯರು. ಏಳನೆಯ ವಾರ ಹೊಸದೇನೂ ಇಲ್ಲ. ದೇವರು ವಿಶ್ರಮಿಸಿದರು ಎಂದು ಹೇಳಿ ಮಕ್ಕಳನ್ನೂ ಚಾಪೆಯ ಮೇಲೆ ಮಲಗಿಸುವುದು. ಪ್ರತಿವಾರ ಹಳೆಯದನ್ನೆಲ್ಲ ಹಲಗೆಯ ಮೇಲೆ ಮತ್ತೆ ಅಂಟಿಸಿ, ಅದರ ಪಕ್ಕಕ್ಕೆ ಹೊಸದನ್ನು ಸೇರಿಸಬೇಕು. ಆದ್ದರಿಂದ ಒಂದು ತುಣುಕು ಕಳೆದರೂ ಮುಂದಿನ ವಾರ ಗೊತ್ತಾಗಿಬಿಡುತ್ತದೆ.

ತುಣುಕುಗಳನ್ನು ನಾನೇ ಮಾಡುತ್ತೇನೆ. ಹಳೆಯ ಸೀರೆ, ರವಿಕೆ, ಪಂಚೆಗಳಿಂದ ಕತ್ತರಿಸಿ, ಬೆನ್ನಿಗೆ ಬಡಗಿಗಳು ಮರ ಉಜ್ಜುವ ಉಪ್ಪು ಕಾಗದದ ಚೂರು ಅಂಟಿಸಿದರೆ ಸಾಕು, ಕಂಬಳಿಯ ಮೇಲೆ ಒತ್ತಿದ ಕೂಡಲೆ ಕಚ್ಚಿಕೊಳ್ಳುತ್ತದೆ. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಜಗಲಿಯ ಗೋಡೆಯಾಚೆ ಮಗ್ಗಗಳ ಸಾಲು. ಕರೆಂಟು ಇರುವಷ್ಟು ಹೊತ್ತು ಅವುಗಳ ಸದ್ದಿನ ಮೇಲೇ ನಾವು ಕಥೆ ಹೇಳಬೇಕು. ಮೊದಲ ಭಾನುವಾರ ಒಂದು ತಮಾಷೆ ಆಯಿತು. ಕಥೆಯ ನಡುವೆ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ನಾನು ಆ ಮೌನವನ್ನೇ ಹಿಡಿದುಕೊಂಡು, "ಎಲ್ಲಾ ಕಡೆ ಕತ್ತಲು. ಏನೂ ಸದ್ದಿಲ್ಲ. ಆಗ ದೇವರು ಬೆಳಕನ್ನ ಕರೆದ್ರು..." ಎನ್ನುವಷ್ಟರಲ್ಲಿ ಮಗ್ಗಗಳು ಮತ್ತೆ ಬಡಿದುಕೊಳ್ಳತೊಡಗಿದವು. ಮುಂದಿನ ಸಾಲಿನ ಒಂದು ಪುಟ್ಟಿ ಎದ್ದು ನಿಂತು ಚಪ್ಪಾಳೆ ತಟ್ಟಿ, "ಕರೆಂಟ್ ಬಂತು!" ಎಂದಳು.

ನನ್ನ ತಲೆನೋವು ಶುರುವಾದದ್ದು ಈ ಪುಟ್ಟಿಯ ದೆಸೆಯಿಂದ. ಅವಳು ನಮ್ಮ ಚರ್ಚಿನವರ ಮಗುವಲ್ಲ, ಪಕ್ಕದ ಮನೆಯವರ ಮಗು. ಮೂರೂವರೆ ವರ್ಷ. ಅವಳ ಅಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ಅಂಗನವಾಡಿ ಬಿಟ್ಟ ಮೇಲೆ ಸಂಜೆ ಆರರವರೆಗೆ ಮಗು ನನ್ನ ಬಳಿ ಇರುತ್ತಿತ್ತು. ನನ್ನ ಮಗಳು ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನದ ಮನೆ ನನಗೆ ದೊಡ್ಡದಾಗಿ ಕಾಣುತ್ತಿತ್ತು. ಈ ಮಗು ಬಂದು ಸೋಫಾದ ಕೆಳಗೆ ತನ್ನ ಪ್ಲಾಸ್ಟಿಕ್ ಪಾತ್ರೆಗಳ ಅಡುಗೆಮನೆ ಹೂಡಿದ ಮೇಲೆ ಆ ಹೊತ್ತು ಕಳೆದದ್ದೇ ತಿಳಿಯುತ್ತಿರಲಿಲ್ಲ. ಭಾನುವಾರ ಅವಳಮ್ಮನಿಗೆ ಓಟಿ ಎಂಬ ಹೆಚ್ಚುವರಿ ಕೆಲಸ ಇದ್ದರೆ ನನ್ನ ಸೆರಗು ಹಿಡಿದು ಚರ್ಚಿಗೂ ಬರುತ್ತಿದ್ದಳು. ನಾನು ಅವಳಮ್ಮನನ್ನು ಮೊದಲೇ ಕೇಳಿದ್ದೆ. "ಕಥೆ ತಾನೇ ಅಕ್ಕಾ, ಕೇಳ್ಲಿ ಬಿಡಿ. ಮನೇಲಿದ್ರೆ ಮೊಬೈಲ್ ಹಿಡ್ಕೊಂಡು ಕೂತಿರ್ತಾಳೆ" ಎಂದಿದ್ದಳು.

ಎರಡನೆಯ ಭಾನುವಾರ ಕಳೆದ ಮೇಲೆ ಊರಿನಿಂದ ಅಜ್ಜಿ ಬಂದರು. ಮಗುವಿನ ಅಪ್ಪನ ತಾಯಿ. ಹೊಸಕೋಟೆಯ ಕಡೆಯ ಹಳ್ಳಿ; ಹೊಲ, ಎರಡು ಹಸು. ರಾಗಿಹಿಟ್ಟಿನ ಚೀಲ ಇಳಿಸಿ ಮುಖ ತೊಳೆಯುವ ಮುನ್ನವೇ ನಮ್ಮ ಮನೆಯ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣು ಹಾಯಿಸಿದರು. ಗೋಡೆಯ ಶಿಲುಬೆಯ ಮೇಲೆ ಅವರ ನೋಟ ಒಂದು ಕ್ಷಣ ಹೆಚ್ಚೇ ನಿಂತಿತು.

ಮರುದಿನ ನಲ್ಲಿಯ ಬಳಿ ಅವರ ಸೊಸೆ, ಪುಟ್ಟಿಯ ಅಮ್ಮ, ಕೊಡ ಇಟ್ಟು ನೀರು ಬಿಡುವುದನ್ನೇ ಮರೆತು ನಿಂತಿದ್ದಳು. "ಅತ್ತೆ ಇವ್ಳನ್ನ ಊರಿಗೆ ಕರ್ಕೊಂಡೋಗಕ್ಕೆ ಬಂದವ್ರೆ ಅಕ್ಕಾ. ಅಲ್ಲಿ ಅಂಗನವಾಡಿ ಮನೆ ಮುಂದೇನೇ ಐತಂತೆ. ಇಲ್ಲಿ ನೋಡ್ಕೊಳ್ಳೋರು ಎಂಥೋರು ಅಂತ ನೋಡ್ತೀನಿ, ಸರಿಯಿದ್ರೆ ಬಿಟ್ಟೋಗ್ತೀನಿ, ಇಲ್ದಿದ್ರೆ ಕರ್ಕೊಂಡೋಗ್ತೀನಿ ಅಂತವ್ರೆ. ಇವ್ರು ಅಮ್ಮನ ಮಾತಿಗೆ ಎದುರಾಡಲ್ಲ." ಅವಳ ಕಣ್ಣು ತುಂಬಿತ್ತು.

ನೋಡಿಕೊಳ್ಳುವವಳು ಎಂದರೆ ನಾನು. ಪರೀಕ್ಷೆ ನನ್ನದು, ತಪ್ಪಿದರೆ ಮಗು ಹೋಗುವುದು ಇಬ್ಬರು ಹೆಂಗಸರ ಮಡಿಲಿನಿಂದ.

ಮೂರನೆಯ ಭಾನುವಾರ ಅಜ್ಜಿ ತಾವೇ ಮಗುವನ್ನು ಕರೆದುಕೊಂಡು ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು, ಅರ್ಧ ಬೆನ್ನು ನಮಗೆ, ಅರ್ಧ ಕಿವಿ ನಮಗೆ. ನಾನು ಹುಲ್ಲು ಅಂಟಿಸಿದೆ, ಮರ ಅಂಟಿಸಿದೆ. ಅಷ್ಟು ಹೊತ್ತು ಅಡಿಕೆ ಅಗಿಯುತ್ತಿದ್ದ ದವಡೆ ನಿಂತಿತು. ಎದ್ದು ಒಳಗೆ ಬಂದು, ಮಕ್ಕಳ ನಡುವೆ ದಾಟಿಕೊಂಡು, ಹಲಗೆಯ ಹತ್ತಿರ ಬಗ್ಗಿ ಮರದ ಮೇಲೆ ತೋರುಬೆರಳು ಎಳೆದರು.

"ಇದ್ನೆಲ್ಲಾ ನಿಮ್ಗೆ ಯಾರವ್ವಾ ಕೊಡೋರು?"

ಈ ಪ್ರಶ್ನೆ ನಮಗೆ ಹೊಸದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಗುರುತಿನವರೇ ನಗುನಗುತ್ತ ಕೇಳುತ್ತಾರೆ: ನಿಮಗೆಲ್ಲ ಹೊರಗಡೆಯಿಂದ ದುಡ್ಡು ಬರುತ್ತದಲ್ಲವೇ, ಯಾರು ಕಳಿಸುತ್ತಾರೆ ಎಂದು. ನನ್ನ ಬೆನ್ನು ನೆಟ್ಟಗಾಯಿತು.

"ಯಾರೂ ಕೊಡಲ್ಲ ಅಮ್ಮ. ಎಲ್ಲಾ ನಾವೇ ಮಾಡ್ಕೊಳ್ಳೋದು."

"ಓಹೋ. ನೀವೇ ಮಾಡಿದ್ದು."

ಅಷ್ಟೇ ಅಂದರು. ಹೋಗಿ ಮತ್ತೆ ಮೆಟ್ಟಿಲ ಮೇಲೆ ಕೂತರು. ಆ ದಿನ ಮಕ್ಕಳಿಗೆ ಬಿಸ್ಕತ್ತು ಹಂಚಲು ನಾನು ಒಳಗೆ ಹೋಗಿ ಬರುವಷ್ಟು ಹೊತ್ತು ಹಲಗೆಯ ಬಳಿ ಯಾರಿದ್ದರೆಂದು ನೋಡಿರಲಿಲ್ಲ. ನೋಡಬೇಕಿತ್ತು ಎಂದು ಅನಿಸಿದ್ದು ಮರುವಾರ, ಡಬ್ಬಿ ಬೋರಲು ಹಾಕಿದಾಗ.

ಆ ನಾಲ್ಕನೆಯ ಭಾನುವಾರ ಮರವಿಲ್ಲದೆ ಕಥೆ ಹೇಳಿ, ಹೊಸದಾಗಿ ಸೂರ್ಯನನ್ನು ಅಂಟಿಸಿದೆ. ಜರಿಯ ಸೂರ್ಯ. ಜಗಲಿಗೆ ಬಿದ್ದ ಬಿಸಿಲಿನಲ್ಲಿ ನಿಜಕ್ಕೂ ಹೊಳೆಯಿತು. ಮಕ್ಕಳು "ಹೋ" ಎಂದರು. ಅಜ್ಜಿ ಮಾತ್ರ ಏನೋ ನೋವಾದವರ ಹಾಗೆ ಕಣ್ಣು ಮುಚ್ಚಿ ತೆರೆದರು. ಸೂರ್ಯನನ್ನು ಕಂಡು ಯಾರಿಗಾದರೂ ನೋವಾಗುತ್ತದೆಯೇ? ದೇವರ ಹೆಸರು ಹೇಳಿ ಸೂರ್ಯನನ್ನು ಅಂಟಿಸಿದ್ದೇ ಇವರಿಗೆ ಸೇರಲಿಲ್ಲ ಎಂದುಕೊಂಡೆ.

ತರಗತಿ ಬಿಟ್ಟ ಮೇಲೆ ಚರ್ಚಿನ ಸೆಕ್ರೆಟರಿ ಬಂದರು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರು. ಮರ ಕಾಣೆಯಾದ ವಿಷಯ ಕೇಳಿ ಅವರ ಮುಖ ಸಣ್ಣದಾಯಿತು.

"ನೋಡಿ ಸಿಸ್ಟರ್, ಕಾಲ ಸರಿಯಿಲ್ಲ. ನಾಳೆ ಯಾರಾದ್ರೂ ನಾಕು ಜನ ಬಂದು, ಬೇರೆಯವ್ರ ಮಗೂಗೆ ಏನು ಹೇಳ್ಕೊಡ್ತಾ ಇದ್ದೀರಾ ಅಂತ ಕೇಳಿದ್ರೆ? ಆ ಮರ ತೋರಿಸ್ತಾರೆ. ಸಾಕ್ಷಿಗೆ ತಗೊಂಡೋಗಿರೋದು."

"ಮರದಲ್ಲಿ ಏನಿದೆ ಬ್ರದರ್? ಮರ ಅಷ್ಟೇ."

"ಏನೂ ಇಲ್ಲ. ನಂಗೆ ಭಯ ಆಗಿರೋದೇ ಅದಕ್ಕೆ. ಏನು ಬೇಕಾದ್ರೂ ಇದೆ ಅನ್ಬೋದು."

ಕೊನೆಗೆ ಅವರ ತೀರ್ಮಾನ: ಆರನೆಯ ಭಾನುವಾರದೊಳಗೆ ಮನೆಯವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು, ಅಜ್ಜಿಯ ಸಹಿಯೂ ಬೇಕು. ಇಲ್ಲವಾದರೆ ಆ ಮಗು ಬರುವುದು ಬೇಡ. ಅಜ್ಜಿಗೆ ಕಾಗದ ಚಾಚಿದರೆ ಮರುದಿನದ ಬಸ್ಸಿಗೇ ಮಗುವನ್ನು ಹತ್ತಿಸುತ್ತಾರೆಂದು ನನಗೆ ಗೊತ್ತಿತ್ತು. ಕಾಗದ ಕೇಳುವವರ ಮೇಲೆ ಅನುಮಾನ ಬರದೆ ಇರುತ್ತದೆಯೇ? ಕಾಗದ ಬರೆಸಲು ಹೋಗಲಿಲ್ಲ.

ಐದನೆಯ ಭಾನುವಾರ ಡಬ್ಬಿಯಲ್ಲಿ ಸೂರ್ಯ ಇರಲಿಲ್ಲ.

ಈ ಸಲ ನಾನು ಬೋರಲು ಹಾಕಲಿಲ್ಲ. ಮುಚ್ಚಳ ಮುಚ್ಚಿ ಅಜ್ಜಿಯ ಕಡೆ ನೋಡಿದೆ. ಅವರೂ ನನ್ನ ಕಡೆ ನೋಡಿದರು. ಅವರ ಮಡಿಲ ಮೇಲಿದ್ದ ಎಲೆಯಡಿಕೆ ಚೀಲ ಮೊದಲಿಗಿಂತ ಉಬ್ಬಿದಂತೆ ಕಂಡಿತು. ಎಲೆಯೋ ಸೂರ್ಯನೋ ಯಾರು ಬಲ್ಲರು.

ಹಿಂದಿನ ಪಾಠ ಜ್ಞಾಪಿಸಲು ಮಕ್ಕಳನ್ನು ಕೇಳಿದೆ: "ಹೋದ ವಾರ ಒಂದು ಸೂರ್ಯ ನೋಡಿದ್ವಿ ಅಲ್ವಾ? ಆ ಸೂರ್ಯನ್ನ ಮಾಡಿದ್ದು ಯಾರು?"

"ದೇವರೂ!" ಎಂದು ಎಲ್ಲರೂ ರಾಗ ಎಳೆದರು.

"ಅಲ್ಲ," ಎಂದಳು ಪುಟ್ಟಿ, ಬೆರಳು ಬಾಯಿಂದ ತೆಗೆದು. "ನಮ್ ತಾತ."

ಮಕ್ಕಳು ನಕ್ಕವು. ಒಬ್ಬ ಅವಳ ಬೆನ್ನಿಗೆ ಗುದ್ದಿ, "ಏ, ನಿಮ್ ತಾತ ದೇವ್ರಾ?" ಎಂದ. ಅವಳು ಹಟ ಬಿಡಲಿಲ್ಲ. "ತಾತಾನೇ ಮಾಡಿದ್ದು. ಮರಾನೂ. ಅಜ್ಜಿ ಹೇಳ್ತು."

ಮೆಟ್ಟಿಲ ಮೇಲೆ ಅಜ್ಜಿ ಕದಲಲಿಲ್ಲ. ಮಗುವಿಗೆ ಇವರು ಮನೆಯಲ್ಲಿ ಎದುರು ಪಾಠ ಹೇಳಿಕೊಡುತ್ತಿದ್ದಾರೆ, ನಾನು ಕೇಳಿದರೆ ಹೀಗೆ ಹೇಳು ಎಂದು ಕಲಿಸಿ ಕಳಿಸಿದ್ದಾರೆ. ತೀರಿಹೋದ ಗಂಡನನ್ನು ತಂದು ದೇವರ ಜಾಗದಲ್ಲಿ ಕೂರಿಸಿ ನನ್ನನ್ನು ಪರೀಕ್ಷಿಸುವುದೆಂದರೆ! ಆ ದಿನ ಮೀನುಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿ ಅಂಟಿಸಿದೆ. ಮೂರು ಮೀನು: ಎರಡು ನೀಲಿ ರವಿಕೆಯವು, ಒಂದು ಮಿರುಗುವ ಜರಿಯದು. ತರಗತಿ ಮುಗಿಯುವ ಮೊದಲೇ ಜರಿಯದು ಹೋಯಿತು. ಒಂದು ಮಗುವಿನ ಸಿಂಬಳ ಒರೆಸಿ ತಿರುಗುವಷ್ಟರಲ್ಲಿ!

ಸಂಜೆ ಮನೆಯವರಿಗೆ ಹೇಳಿದೆ. ನೆಲಮಂಗಲದ ಗೋದಾಮಿನಲ್ಲಿ ಸರಕಿನ ಲೆಕ್ಕ ಇಡುವ ಮನುಷ್ಯ; ಕಾಣೆಯಾದದ್ದರ ಬಗ್ಗೆ ಅವರಿಗೆ ನನಗಿಂತ ಅಭ್ಯಾಸ ಹೆಚ್ಚು. ಪೇಪರಿನಿಂದ ತಲೆಯೆತ್ತದೆ ಕೇಳಿದರು:

"ಹೋಗಿರೋದು ಏನೇನು?"

"ಮರ, ಸೂರ್ಯ, ಮೀನು."

"ಚಂದ್ರ?"

"ಇದೆ."

"ಸೂರ್ಯನ್ನ ಕದಿಯೋರು ಚಂದ್ರನ್ನ ಯಾಕೆ ಬಿಟ್ರು? ಅದನ್ನ ಯೋಚ್ನೆ ಮಾಡು."

ತಮಾಷೆಗೆ ಹೇಳಿದ್ದರು. ನನ್ನ ತಲೆಯಲ್ಲಿ ಅದು ವಾರವಿಡೀ ಕೊರೆಯಿತು. ಚಂದ್ರನನ್ನು ಯಾಕೆ ಬಿಟ್ಟರು?

ಶನಿವಾರ ಮಧ್ಯಾಹ್ನ ಕರೆಂಟು ಇರಲಿಲ್ಲ. ಮಗ್ಗಗಳು ಸುಮ್ಮನಿದ್ದವು. ಕಿಟಕಿಯ ಬಳಿ ಕೂತು, ಕಳೆದುಹೋದವನ್ನು ಮತ್ತೆ ಮಾಡಿಬಿಡೋಣವೆಂದು ಬಟ್ಟೆಯ ಚೀಲ ಸುರಿದೆ. ಚಂದ್ರನನ್ನು ಕತ್ತರಿಸಿದ್ದು ನಮ್ಮ ಮನೆಯವರ ಬಿಳಿ ಪಂಚೆಯಿಂದ. ನೀಲಿ ಮೀನು ನನ್ನ ರವಿಕೆಯಿಂದ. ಸೂರ್ಯನಿಗೆ ಬೇಕಾದ ಜರಿ ಹುಡುಕಿದೆ. ಸಿಕ್ಕಿತು. ಗಿಳಿಹಸಿರು ಒಡಲು, ಅರಗಿನ ಕೆಂಪಿನ ಮೇಲೆ ಜರಿಯ ಅಂಚು. ಮರ ಈ ಹಸಿರಿನದು. ಸೂರ್ಯ ಈ ಅಂಚಿನದು. ಮಿರುಗುವ ಮೀನು ಕೂಡ ಈ ಅಂಚಿನದೇ. ಕಾಣೆಯಾದ ಮೂರೂ ಒಂದೇ ಸೀರೆಯವು. ಬೇರೆ ಯಾವ ಬಟ್ಟೆಯ ತುಣುಕನ್ನೂ ಯಾರೂ ಮುಟ್ಟಿರಲಿಲ್ಲ.

ಆ ತುಂಡನ್ನು ಬೆಳಕಿಗೆ ಹಿಡಿದೆ. ತಿರುಗಿಸಿ ಹಿಂಭಾಗ ನೋಡಿದೆ. ಅದು ಕೈಮಗ್ಗದ್ದು. ಅಂಚು ಒಡಲನ್ನು ಸೇರುವ ಕಡೆ ಒಂದೊಂದು ಎಳೆಯನ್ನೂ ಕೈಯಲ್ಲಿ ಕೊಂಡಿ ಹಾಕಿದ್ದು ಕಾಣುತ್ತಿತ್ತು. ಇಷ್ಟು ದಿನ ಕತ್ತರಿ ಆಡಿಸಿದವಳು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ, ಮಕ್ಕಳಿಗೆ ಹೊಳೆದರೆ ಸಾಕಾಗಿತ್ತು.

ಈ ಸೀರೆ ಬಂದದ್ದು ಪಕ್ಕದ ಮನೆಯಿಂದ. ಏಪ್ರಿಲಿನಲ್ಲಿ ಹಳೆಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಾಗ ಸೊಸೆ ಒಂದು ಗಂಟು ತಂದು ಹಾಕಿದ್ದಳು. ಪಾತ್ರೆಯವಳು ಈ ಸೀರೆಯನ್ನು ಕೊಡವಿ, ಮಡಿಕೆ ಮಡಿಕೆಗೂ ಸೀಳಿಹೋಗಿದ್ದ ರೇಷ್ಮೆಯನ್ನು ತೋರಿಸಿ, "ಇದ್ಕೆ ಒಂದು ಸೌಟೂ ಬರಲ್ಲ ಕಣಮ್ಮಾ" ಎಂದು ಪಕ್ಕಕ್ಕೆ ಎಸೆದಳು. "ಬಿಸಾಕ್ಬೇಡ, ನಂಗೆ ಕೊಡು, ಮಕ್ಕಳ ಪಾಠಕ್ಕಾಗುತ್ತೆ" ಎಂದು ಕೇಳಿ ತೆಗೆದುಕೊಂಡವಳು ನಾನು.

ಸಂಜೆ ಕಂಪನಿ ಬಸ್ಸು ಇಳಿದ ಸೊಸೆಯನ್ನು ಗೇಟಿನ ಬಳಿಯೇ ತಡೆದು ಆ ತುಂಡು ತೋರಿಸಿದೆ. ಅವಳು ನನ್ನ ಕೈಯನ್ನೇ ಮುಚ್ಚಿ ಹಿಡಿದಳು.

"ಅತ್ತೆ ಟ್ರಂಕಿನ ತಳದಲ್ಲಿತ್ತು ಅಕ್ಕಾ. ನಾವು ಇಲ್ಲಿ ಮನೆ ಮಾಡಿದಾಗ ಟ್ರಂಕ್ ಕಳ್ಸಿದ್ರು, ಇದ್ರ ಬಗ್ಗೆ ಏನೂ ಹೇಳಿರ್ಲಿಲ್ಲ. ಮುಟ್ಟಿದ್ರೆ ಉದುರೋದು. ಯಾರಿಗೆ ಬೇಕು ಅನ್ಕೊಂಡೆ. ಮಾವ ಮೊದ್ಲು ಈ ಊರಲ್ಲೇ ಯಾರದೋ ಮನೇಲಿ ಮಗ್ಗದ ಕೆಲ್ಸ ಮಾಡ್ತಿದ್ರಂತೆ... ಅವ್ರು ನೇಯ್ದಿದ್ದು ಅಂತ ಇವ್ರು ಮೊನ್ನೆ ಹೇಳಿದ್ರು. ಅತ್ತೆ ಬಂದಿದ್ದಿನಾನೇ ಟ್ರಂಕ್ ತೆಗ್ದು ನೋಡವ್ರೆ. ಒಂದು ಮಾತೂ ಕೇಳಿಲ್ಲ ಅಕ್ಕಾ, ಅದೇ ನಂಗೆ ಜೀವ ಹೋಗ್ತಾ ಇರೋದು. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಮಗೂನ ಇವತ್ತೇ ಬಸ್ ಹತ್ತಿಸ್ತಾರೆ."

ಸೂರ್ಯನನ್ನು ಮಾಡಿದ್ದು ಯಾರು ಎಂದರೆ ತಾತ ಎಂದಳಲ್ಲ, ಮಗು ಹೇಳಿದ್ದು ನಿಜವೇ ಆಗಿತ್ತು. ನಾನು ಮಾಡಿದ್ದು ಎಂದು ಸುಳ್ಳು ಹೇಳಿದ್ದು ನಾನು.

ಆರನೆಯ ಭಾನುವಾರ ಬೆಳಿಗ್ಗೆ ಸೊಸೆ ಓಟಿಗೆ ಹೋದ ಮೇಲೆ, ಉಳಿದಿದ್ದ ಬಟ್ಟೆಯನ್ನೆಲ್ಲ ಬಿಳಿಯ ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅಜ್ಜಿ ಹೊಸ್ತಿಲಲ್ಲಿ ಕೂತು ಮಗುವಿನ ತಲೆ ಬಾಚುತ್ತಿದ್ದರು. ಟವೆಲನ್ನು ಅವರ ಮುಂದೆ ಬಿಡಿಸಿದೆ. ಬಾಚಣಿಗೆ ಕೂದಲಿನಲ್ಲೇ ನಿಂತಿತು.

"ಇದು ನಿಮ್ಮ ಸೀರೆ ಅಂತ ನಂಗೆ ಗೊತ್ತಿರಲಿಲ್ಲ ಅಮ್ಮ. ಕೇಳ್ದೆ ಕತ್ತರಿಸ್ಬಿಟ್ಟೆ. ತಪ್ಪಾಯ್ತು."

ಅವರು ಎಲೆಯಡಿಕೆ ಚೀಲದ ದಾರ ಸಡಿಲಿಸಿ, ಒಳಗಿನಿಂದ ಒಂದು ಚಿಕ್ಕ ಸ್ಟೀಲ್ ಡಬ್ಬಿ ತೆಗೆದು, ಮರ, ಸೂರ್ಯ, ಮೀನನ್ನು ಒಂದೊಂದಾಗಿ ಮಂಡಿಯ ಮೇಲೆ ಇಟ್ಟುಕೊಂಡರು. ಮೂರರ ಬೆನ್ನಿಗೂ ನಾನು ಅಂಟಿಸಿದ್ದ ಉಪ್ಪು ಕಾಗದ ಇರಲಿಲ್ಲ. ನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆದಿದ್ದರು. ಗೋಂದಿನ ಕಲೆ ಮಾತ್ರ ಉಳಿದಿತ್ತು.

"ರೇಷ್ಮೆ ಬೆನ್ನಿಗೆ ಉಪ್ಪು ಕಾಗ್ದ ಅಂಟಿಸ್ತಾರಾ ಯಾರಾದ್ರೂ? ಓದಿರೋರು ನೀವು."

ನಾನು ತಲೆ ತಗ್ಗಿಸಿದೆ.

"ಯಜಮಾನ್ರು ಹೊಲದ ಕೆಲ್ಸ ಇಲ್ದಾಗ ಬಂದು ಇಲ್ಲಿ ಮಗ್ಗಕ್ಕೆ ಕೂತ್ಕೊಳ್ಳೋರು. ಉಳಿದ ನೂಲೆಲ್ಲಾ ಕೂಡಿಟ್ಟು ಇದೊಂದು ನೇಯ್ದ್ರು. ನಾನು ಉಟ್ಟಿದ್ದು ಎರಡೇ ಸಲ." ಮೀನನ್ನು ಬೆರಳಿನಿಂದ ನೇವರಿಸಿದರು. "ನಾನೇನನ್ಕೊಂಡೆ ಗೊತ್ತಾ? ಈ ಮಗು ಕೈಲಿ ಟ್ರಂಕಿಂದ ತರಿಸ್ಕೊಂಡವ್ರೆ ಇವ್ರು, ಮನೇಲಿರೋದೆಲ್ಲಾ ಹಿಂಗೆ ಹೋಗ್ತೈತೆ ಅಂತ. ಕೇಳಿದ್ರೆ ನಾವೇ ಮಾಡ್ಕೊಳ್ಳೋದು ಅಂದೆ. ಅವತ್ತಿಂದ ನಿನ್ನ ಮೇಲೊಂದು ಕಣ್ಣು."

"ನಾನು... ನೀವು ಸಾಕ್ಷಿಗೆ ತಗೊಂಡೋಗ್ತಾ ಇದ್ದೀರಾ ಅನ್ಕೊಂಡಿದ್ದೆ."

"ಯಾವುದ್ರ ಸಾಕ್ಷಿ?"

"ಯಾರಿಗಾದ್ರೂ ತೋರ್ಸೋಕೆ. ಕಂಪ್ಲೇಂಟ್ ಕೊಡೋಕೆ."

ಅಜ್ಜಿ ನನ್ನ ಮುಖ ನೋಡಿದರು. ಮೀನನ್ನು ನೋಡಿದರು. "ಈ ಮೀನ್ ಹಿಡ್ಕೊಂಡು ಯಾವ ಸ್ಟೇಷನ್ಗೆ ಹೋಗ್ಲವ್ವಾ ನಾನು?" ಎಂದರು. ಅವರ ತುಟಿಯಲ್ಲಿ ನಗು ಬಂದದ್ದು ನಿಜ. ಆದರೆ ತಕ್ಷಣ ಆರಿತು.

"ಇದ್ನ ನಿನ್ ಕೈಗೆ ಯಾರು ಕೊಟ್ರು?"

"ನಾನೇ ಕೇಳಿ ಇಸ್ಕೊಂಡೆ."

"ಯಾರತ್ರ?"

ನಾನು ಟವೆಲಿನ ಅಂಚನ್ನು ನೇರ ಮಾಡತೊಡಗಿದೆ. ಅರ್ಧ ಬಾಚಿದ ತಲೆಯ ಮಗು ಹಿಂದಕ್ಕೆ ತಿರುಗಿ, ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆಯೆಂಬ ಖುಷಿಯಲ್ಲಿ ಹೇಳಿತು: "ಅಮ್ಮ ಕೊಟ್ಲು! ಪಾತ್ರೆ ಆಂಟಿಗೆ ಕೊಟ್ಲು. ಪಾತ್ರೆ ಆಂಟಿ ಬೇಡ ಅಂದ್ಲು."

ಅಜ್ಜಿ ಮೀನಿನ ಮೇಲಿಂದ ಕೈ ತೆಗೆದರು.

"ಬೇಡ ಅಂದ್ಲಾ?" ಎಂದರು. ನನ್ನ ಕಡೆ ತಿರುಗಿ ಮತ್ತೆ, "ಪಾತ್ರೆಯವ್ಳೂ ಬೇಡ ಅಂದ್ಲಾ ಇದ್ನ?"

ಸೊಸೆ ಕೊಟ್ಟಳೆಂಬುದಕ್ಕಿಂತ ಅದೇ ಅವರನ್ನು ಹೆಚ್ಚು ನೋಯಿಸಿತು ಎಂದು ನನಗೆ ಕಂಡಿತು. ಮಡಿಕೆಗಳಲ್ಲಿ ಸೀಳಿತ್ತು, ಹಳೆಯ ರೇಷ್ಮೆ ಹಾಗೇ ಆಗುತ್ತದೆ, ಅವಳಿಗೇನು ಗೊತ್ತು ಎಂದು ಏನೇನೋ ತೊದಲಿದೆ. ಅವರು ಟವೆಲನ್ನು ಮಡಿಚಿ ಒಳಗೆ ತೆಗೆದುಕೊಂಡು ಹೋದರು. ಮಗುವನ್ನೂ ಒಳಗೆ ಕರೆದರು. "ಇವತ್ತು ಇವ್ಳು ಬರಲ್ಲ ಹೋಗವ್ವಾ."

ಆ ದಿನ ನಾನು ಪ್ರಾಣಿಗಳನ್ನೂ ಮನುಷ್ಯರನ್ನೂ ಹೇಗೆ ಕಲಿಸಿದೆನೋ ತಿಳಿಯದು. ಆನೆಯನ್ನು ನೀರಿನಲ್ಲಿ ಅಂಟಿಸಿ ಮಕ್ಕಳಿಂದ ನಗಿಸಿಕೊಂಡೆ. ಸೆಕ್ರೆಟರಿ ಕಿಟಕಿಯಲ್ಲಿ ತಲೆ ತೂರಿಸಿ ಮಗುವಿಲ್ಲದ ಚಾಪೆ ನೋಡಿ, "ಒಳ್ಳೇದೇ ಆಯ್ತು ಬಿಡಿ ಸಿಸ್ಟರ್" ಎಂದರು. ಮನೆಗೆ ಬಂದರೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಅಜ್ಜಿಯ ಚೀಲ ಕಟ್ಟಿ ಇಟ್ಟಿತ್ತು. ಓಟಿಯಿಂದ ಬಂದ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮೂಗು ಕೆಂಪಾಗಿತ್ತು. ನಾನು ಮಗುವಿನ ಪುಟ್ಟ ಚಪ್ಪಲಿ ಹುಡುಕಿದೆ. ಬಾಗಿಲ ಮೂಲೆಯಲ್ಲಿ ಬಿಟ್ಟಲ್ಲೇ ಇದ್ದವು.

ಅಜ್ಜಿ ಚೀಲ ಎತ್ತಿಕೊಂಡು ಹೊರಗೆ ಬಂದರು. ಒಬ್ಬರೇ.

"ಊರಿಗೋಗಿ ಬಟ್ಟೆ ಬರೆ ತತ್ತೀನಿ. ಎರಡು ಹಸೂನೂ ತಮ್ಮನ ಮನೆಗೆ ಹೊಡೀತೀನಿ. ಇನ್ಮೇಲೆ ನಾನಿಲ್ಲೇ ಇರೋದು," ಎಂದರು, ಇಬ್ಬರಿಗೂ ಕೇಳುವ ಹಾಗೆ. "ಇವ್ಳೂ ಸರಿಯಿಲ್ಲ, ನೀನೂ ಸರಿಯಿಲ್ಲ. ಒಬ್ಳು ಕೊಡ್ತಾಳೆ, ಒಬ್ಳು ಕತ್ತರಿಸ್ತಾಳೆ. ನಿಮ್ಮಿಬ್ರು ಮಧ್ಯೆ ಮಗೂನ ಬಿಟ್ಟು ನಾನು ಊರಲ್ಲಿ ನಿದ್ದೆ ಮಾಡ್ಲಾ? ಅವ್ಳನ್ನ ಕರ್ಕೊಂಡೋದ್ರೆ ತಾಯಿ ಇಲ್ದೆ ಕೊರಗ್ತಾಳೆ. ಅದಕ್ಕೆ ನಾನೇ ಬತ್ತೀನಿ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ. ನನಗೆ ಸಮಾಧಾನವಾಯಿತು. ಸಮಾಧಾನದ ಹಿಂದೆಯೇ, ಅಜ್ಜಿ ಇಲ್ಲೇ ಇದ್ದರೆ ಮಗು ಸಂಜೆ ನಮ್ಮ ಮನೆಗೆ ಬರುವುದಿಲ್ಲ ಎಂಬುದೂ ಹೊಳೆಯಿತು. ಅದೇ ಆಯಿತು. ಸೋಫಾದ ಕೆಳಗಿನ ಪ್ಲಾಸ್ಟಿಕ್ ಪಾತ್ರೆಗಳನ್ನು ಮರುದಿನ ನಾನೇ ಒಂದು ಕವರಿಗೆ ಹಾಕಿ ಪಕ್ಕದ ಮನೆಗೆ ಕೊಟ್ಟು ಬಂದೆ. ಒಂದು ಸೌಟು ಉಳಿದುಹೋಗಿತ್ತು. ಅದನ್ನು ಕೊಡಲಿಲ್ಲ.

ಏಳನೆಯ ಭಾನುವಾರ ಅಜ್ಜಿ ಮಗುವಿನ ಕೈ ಹಿಡಿದು ಬಂದರು. ಈ ಸಲ ಮೆಟ್ಟಿಲು ದಾಟಿ, ಬಾಗಿಲ ಒಳಗೆ, ಗೋಡೆಗೆ ಒರಗಿ ಕೂತರು. ಸೆಕ್ರೆಟರಿ ಕಾಗದ ಪೆನ್ನು ಹಿಡಿದು ಸಿದ್ಧರಾಗಿದ್ದರು.

"ಅಮ್ಮಾ, ಮಗು ಇಲ್ಲಿಗೆ ಬರೋಕೆ ನಿಮ್ಮ ಒಪ್ಪಿಗೆ ಇದೆ ಅಂತ ಒಂದು ಸಹಿ..."

"ನೀನ್ಯಾರಪ್ಪಾ?"

"ನಾನು ಸೆಕ್ರೆಟರಿ."

"ನಾನೇ ಬಂದು ಕೂತಿವ್ನಲ್ಲಪ್ಪಾ, ಕಣ್ಣು ಕಾಣಕಿಲ್ವಾ? ಇದ್ಕಿಂತ ಸಹಿ ಬೇಕಾ?"

ಸೆಕ್ರೆಟರಿ ಕಾಗದ ಮಡಿಚಿ ಜೇಬಿಗಿಟ್ಟುಕೊಂಡರು.

ನಾನು ಹಲಗೆಗೆ ಎಲ್ಲವನ್ನೂ ಅಂಟಿಸುತ್ತಿದ್ದಾಗ ಅಜ್ಜಿ ಚೀಲದ ದಾರ ಸಡಿಲಿಸಿ ಸೂರ್ಯನನ್ನು ತೆಗೆದು ಕೊಟ್ಟರು. ಮರವನ್ನೂ ಮೀನನ್ನೂ ಕೊಡಲಿಲ್ಲ. ಸೂರ್ಯನ ಬೆನ್ನಿಗೆ ಮೆತ್ತನೆಯ ಬಿಳಿ ಬಟ್ಟೆ ಕೊಟ್ಟು ಸುತ್ತಲೂ ಹೊಲಿದಿದ್ದರು. ಅಭ್ಯಾಸಬಲದಿಂದ ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಒಂದು ಗಂಟೂ ಇರಲಿಲ್ಲ. ನಮ್ಮ ಸಿಸ್ಟರ್ ಪೂರ್ತಿ ಅಂಕ ಕೊಡುತ್ತಿದ್ದರು. ಉಪ್ಪು ಕಾಗದ ಇಲ್ಲದ್ದರಿಂದ ಅದು ಕಂಬಳಿಗೆ ಕಚ್ಚಲಿಲ್ಲ. ಬಳೆಯಿಂದ ಪಿನ್ನು ತೆಗೆದೆ.

"ಬಟ್ಟೆಗ್ ಚುಚ್ಬೇಡ. ಹೊಲ್ಗೇಗ್ ಸಿಕ್ಸು," ಎಂದರು ಹಿಂದಿನಿಂದ.

ಹೊಲಿಗೆಗೆ ಸಿಕ್ಕಿಸಿದೆ. ಸೂರ್ಯ ಸ್ವಲ್ಪ ವಾಲಿಕೊಂಡು ನಿಂತ.

"ಸೂರ್ಯನ್ನ ಮಾಡಿದ್ದು ಯಾರು?"

"ದೇವರೂ!"

ಪುಟ್ಟಿ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಇಬ್ಬರಲ್ಲಿ ಯಾರು ಬೈಯುತ್ತಾರೆಂದು ಅಳೆಯುವ ಹಾಗಿತ್ತು. "ಮೇಲಿಂದು ದೇವ್ರು," ಎಂದಳು. "ಇದು ತಾತ."

"ಸರಿಯಾಗಿ ಹೇಳ್ದೆ," ಎಂದೆ.

ಆಮೇಲೆ ಮಕ್ಕಳನ್ನೆಲ್ಲ ಮಲಗಿಸಿದೆ. ಮಗ್ಗಗಳು ಬಡಿಯುತ್ತಲೇ ಇದ್ದವು. ಅವಕ್ಕೆ ಏಳನೆಯ ದಿನವಿಲ್ಲ. ಕೆಲವು ಮಕ್ಕಳು ಒಂದು ಕಣ್ಣು ತೆರೆದು ಪಕ್ಕದವರು ನಿದ್ದೆ ಮಾಡುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದವು.

ತರಗತಿ ಬಿಟ್ಟಾಗ ಅಜ್ಜಿ ಅಂಗೈ ಚಾಚಿದರು. ಪಿನ್ನು ಬಿಡಿಸಿ ಸೂರ್ಯನನ್ನು ಕೊಟ್ಟೆ. ಅದು ಸ್ಟೀಲ್ ಡಬ್ಬಿಗೆ, ಡಬ್ಬಿ ಚೀಲಕ್ಕೆ ಹೋಯಿತು. ನಮ್ಮ ತರಗತಿಯ ಸೂರ್ಯ ಇಂದಿಗೂ ಹಾಗೆಯೇ ಅವರ ಜೊತೆ ಬಂದು ಅವರ ಜೊತೆ ಹೋಗುತ್ತಾನೆ. ನನ್ನ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕುವ ಮುನ್ನ ಅವರು ಒಮ್ಮೆ ಬಗ್ಗಿ, ಯಾರ ಯಾರ ಸೀರೆಗಳು ಒಳಗಿವೆ ಎಂದು ನೋಡುತ್ತಾರೆ. ನಾನು ಅವರ ಚೀಲದ ದಾರ ನೋಡುತ್ತೇನೆ.